ರಘುವಿನ ಮಗಳು ಯಾಕೆ ಸಾಯಬೇಕು?

ಕಾರವಾರದವರಿಗೆ ಟಾಗೋರರೆಂದರೆ ಹೆಮ್ಮೆ. ಕಡಲತೀರಕ್ಕೇ ಅವರ ಹೆಸರಿದೆ. ಯಾವ ಸಮಾರಂಭವಾದರೂ ‘ಮಹಾಕವಿಗೆ ಸ್ಫೂರ್ತಿ ಕೊಟ್ಟ ನೆಲ’ ಎಂಬ ಮಾತು ಬಂದೇ ಬರುತ್ತದೆ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆಗಿದ್ದು ಅವರು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ನಿಜ. ಆದರೆ ಆ ನಾಟಕದಲ್ಲಿ ಏನಿದೆ ಎಂದು ಕೇಳಿ ನೋಡಿ, ಹೇಳುವವರು ಕಡಿಮೆ. ಹೆಮ್ಮೆಪಡಲಿಕ್ಕೆ ಓದಬೇಕಾಗಿಲ್ಲ. ವಿಮರ್ಶೆಗೆ ಮಾತ್ರ ಓದಲೇಬೇಕು.

ಓದಿದರೆ ಕಾಣುವುದು ಒಬ್ಬ ಸನ್ಯಾಸಿ ಮತ್ತು ಊರು ಮುಟ್ಟಿಸಿಕೊಳ್ಳದ ಒಬ್ಬ ಹುಡುಗಿ. ಬಹಿಷ್ಕೃತ ರಘುವಿನ ಮಗಳು ಅವಳು, ದಿಕ್ಕಿಲ್ಲದವಳು. ಲೋಕದ ಬಂಧ ಕಡಿದುಕೊಂಡೆನೆಂದು ಬೀಗುವ ಸನ್ಯಾಸಿ ಅವಳನ್ನು ಹತ್ತಿರ ಬರಗೊಡುತ್ತಾನೆ. ಮಮತೆ ಹುಟ್ಟಿದ್ದೇ ಹೆದರಿ ಬಿಟ್ಟು ಓಡುತ್ತಾನೆ. ಕೊನೆಗೆ ವ್ರತ ಬಿಸುಟು ಮರಳಿ ಬಂದಾಗ ಅವಳು ಸತ್ತಿರುತ್ತಾಳೆ. ಈ ನಾಟಕವೇ ತನ್ನ ಮುಂದಿನ ಬರವಣಿಗೆಗೆಲ್ಲ ಪೀಠಿಕೆ, ಸೀಮೆಯೊಳಗೇ ಅಸೀಮವನ್ನು ಕಾಣುವುದು ಇದರ ತಿರುಳು ಎಂಬರ್ಥದಲ್ಲಿ ಟಾಗೋರರು ‘ಜೀವನಸ್ಮೃತಿ’ಯಲ್ಲಿ ಬರೆದುಕೊಂಡಿದ್ದಾರೆ. ಕವಿಯೇ ಹೇಳಿದ ಮೇಲೆ ಮಾತು ಮುಗಿಯಿತು ಅಂತ ನಾವೂ ಅದನ್ನೇ ಒಪ್ಪಿಸುತ್ತ ಬಂದಿದ್ದೇವೆ.

ಅಂಕೋಲೆಯಲ್ಲಿ ಒಮ್ಮೆ ತರಗತಿಯಲ್ಲಿ ಈ ಕಥೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಅವ ಕಲಿಯೂಕೆ ಅವಳು ಎಂತಕೆ ಸಾಯ್ಬೇಕು ಸರ್?”

ಇಡೀ ನಾಟಕವನ್ನು ತಲೆಕೆಳಗು ಮಾಡುವ ಪ್ರಶ್ನೆ ಇದು. ಹುಡುಗಿಯನ್ನು ‘ಪ್ರೀತಿಯ ಪ್ರತೀಕ’, ‘ಪ್ರಕೃತಿಯ ಪ್ರತೀಕ’ ಎಂದು ಕರೆದ ಕೂಡಲೇ ಅವಳೆದುರು ಮುಚ್ಚಿದ ಬಾಗಿಲುಗಳು ಕಣ್ಮರೆಯಾಗುತ್ತವೆ. ಅರಿವು ಸನ್ಯಾಸಿಗೆ, ಸಾವು ಅವಳಿಗೆ. ಇದು ಟಾಗೋರರೊಬ್ಬರ ಸಮಸ್ಯೆಯಲ್ಲ. 1965ರ ‘ಸಂಸ್ಕಾರ’ದಲ್ಲೂ ಸಾವು ಹೊಲಗೇರಿಯ ಗುಡಿಸಲಿಗೆ ಬರುತ್ತದೆ, ಹೆಣದ ಸಮೇತ ಗುಡಿಸಲು ಸುಡುತ್ತಾರೆ, ಕಾದಂಬರಿಯ ಚಿಂತೆ ಮಾತ್ರ ಪ್ರಾಣೇಶಾಚಾರ್ಯರ ಅಂತರಂಗದ ಸುತ್ತ. ಎರಡೂ ದೊಡ್ಡ ಕೃತಿಗಳೇ. ದೊಡ್ಡವು ಎಂಬ ಕಾರಣಕ್ಕೇ ಅವುಗಳನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಬೇಕು.

‘ಕಲೆಯಲ್ಲಿ ಜಾತಿ ತರ್ತೀರಿ’ ಎನ್ನುವವರು ಇದ್ದಾರೆ. ಅವರು 1973ರ ನವೆಂಬರನ್ನು ನೆನೆಯಬೇಕು. ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಎಂದು ಮೈಸೂರಿನಲ್ಲಿ ಬಿ. ಬಸವಲಿಂಗಪ್ಪ ಅಂದರು. ಅದೂ ಸಾಹಿತ್ಯದ ಬಗೆಗಿನ ಒಂದು ಅಭಿಪ್ರಾಯವೇ. ಪುಸ್ತಕ ತೆರೆದು ‘ಇಗೋ ಕಾಳು’ ಎಂದು ತೋರಿಸಬಹುದಿತ್ತು. ಆದದ್ದೇನು? ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅಭಿಪ್ರಾಯ ತಪ್ಪೋ ಸರಿಯೋ ಎಂಬುದಕ್ಕಿಂತ ಅದನ್ನು ಹೇಳಲು ನೀನ್ಯಾರು ಎಂಬುದೇ ಅಲ್ಲಿ ಮುಖ್ಯವಾಯಿತು.

ಆದರೆ ಬೂಸಾ ಎಂದಷ್ಟಕ್ಕೆ ನಮ್ಮ ಕೆಲಸವೂ ಮುಗಿಯುವುದಿಲ್ಲ. ಕೇರಬೇಕು, ಕಾಳು ಸಿಕ್ಕರೆ ಎತ್ತಿಡಬೇಕು. 1883ರಲ್ಲೇ ಇಂಥ ಹುಡುಗಿಯನ್ನು ನಾಟಕದ ನಡುವಿಗೆ ತಂದದ್ದು ಸಣ್ಣ ಸಂಗತಿಯಲ್ಲ. ಐವತ್ತು ವರ್ಷದ ನಂತರ, 1933ರಲ್ಲಿ, ಟಾಗೋರರು ‘ಚಂಡಾಲಿಕಾ’ ಬರೆದರು. ಅಲ್ಲಿಯ ಹುಡುಗಿಯ ಹೆಸರೇ ಪ್ರಕೃತಿ. ಅವಳು ತಾಯಿಯೊಡನೆ ವಾದಿಸುತ್ತಾಳೆ, ತನಗಂಟಿಸಿದ ಹೀನತನವನ್ನು ಒಪ್ಪುವುದಿಲ್ಲ, ಭಿಕ್ಷುವನ್ನು ಬಯಸುತ್ತಾಳೆ, ತಪ್ಪನ್ನೂ ಮಾಡುತ್ತಾಳೆ. ಅರಿವು ಈ ಸಲ ಅವಳದ್ದೂ ಹೌದು. ಕಾರವಾರದಲ್ಲಿ ಸತ್ತ ಹುಡುಗಿಗೆ ಕವಿ ಐವತ್ತು ವರ್ಷದ ಮೇಲೆ ಬಾಯಿ ಕೊಟ್ಟರು ಎಂಬುದು ನನ್ನ ಓದು. ಒಪ್ಪದವರು ಎರಡೂ ನಾಟಕ ಓದಿ ಜಗಳಕ್ಕೆ ಬನ್ನಿ, ಸಂತೋಷ.

ನಮ್ಮ ಆಗೇರ, ಮುಕ್ರಿ ಕೇರಿಗಳ ಮಕ್ಕಳು ಕಾಲೇಜಿಗೆ ಬಂದಿದ್ದಾರೆ. ಗೈಡಿನಲ್ಲಿದ್ದದ್ದನ್ನು ಬರೆದರೆ ಮಾರ್ಕ್ಸ್ ಸಿಗುತ್ತದೆ ಎಂಬುದು ಅವರಿಗೆ ಬೇಗ ಗೊತ್ತಾಗುತ್ತದೆ. ಅನ್ನಿಸಿದ್ದನ್ನು ಬರೆದರೆ ಕೆಂಪು ಗೀಟು. ಹಾಗೆಂದು ಅನ್ನಿಸಿದ್ದೆಲ್ಲ ವಿಮರ್ಶೆಯಲ್ಲ. ಯಾಕೆ ಹಾಗನ್ನಿಸಿತು ಎಂದು ಕೃತಿಯೊಳಗೇ ಬೆರಳಿಟ್ಟು ತೋರಿಸಿದಾಗ ಅದು ವಿಮರ್ಶೆ. ದಲಿತ ವಿಮರ್ಶೆ ಹೊಸ ಗೈಡಾಗಬಾರದು. ಟಾಗೋರರ ಮಾತನ್ನು ಒಪ್ಪಿಸುತ್ತಿದ್ದ ಹುಡುಗ ನಾಳೆ ನಮ್ಮ ಮಾತನ್ನು ಒಪ್ಪಿಸಿದರೆ ಗೆದ್ದದ್ದೇನೂ ಇಲ್ಲ.