ಹೊಟ್ಟೆಯ ಮೇಲಿನ ಗೆರೆ

ಶ್ರೀರಂಗಪಟ್ಟಣದ ನಮ್ಮ ತೌರುಮನೆಯಲ್ಲಿ ತಾತನ ಒಂದು ಫೋಟೊ ಇತ್ತು. ಲಂಗೋಟ ಕಟ್ಟಿ, ಎರಡೂ ಕೈಯನ್ನು ಸೊಂಟಕ್ಕೆ ಕೊಟ್ಟು, ಕೊರಳಲ್ಲಿ ಹಾರ ಹಾಕಿಕೊಂಡು ನಿಂತ ಫೋಟೊ. ಯಾವುದೋ ಜಾತ್ರೆಯ ಕುಸ್ತಿ ಗೆದ್ದ ದಿನದ್ದು. ಅದನ್ನು ನಡುಮನೆಯಲ್ಲಿ ತೂಗುಹಾಕಲು ಅಜ್ಜಿ ಬಿಡಲಿಲ್ಲ. "ಮೈಮೇಲೆ ಬಟ್ಟೆ ಇಲ್ದೆ ನಿಂತವ್ರೆ, ಬಂದೋರು ಏನಂದಾರು" ಎಂದು ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದಳು. ನಾವು ಮೊಮ್ಮಕ್ಕಳು ಕದ್ದು ತೆಗೆದು ನೋಡುತ್ತಿದ್ದೆವು. ಕಂಬದಂಥ ತೊಡೆ, ಅಗಲವಾದ ಎದೆ, ಅದರ ಕೆಳಗೆ ಗುಡಾಣದ ಹಾಗೆ ದುಂಡಗಿನ ಹೊಟ್ಟೆ. ಆ ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಕು ಎಂದು ಫೋಟೊಗ್ರಾಫರನಿಗಾಗಲಿ ತಾತನಿಗಾಗಲಿ ತೋಚಿದಂತಿಲ್ಲ.

ಈ ಫೋಟೊ ನೆನಪಾದದ್ದು ಪಾಂಡವಪುರದ ನಮ್ಮ ಮನೆಯಲ್ಲಿ ಮಗನ ಜೊತೆ ಕೂತು 'ಪೈಲ್ವಾನ್' ಚಿತ್ರ ನೋಡುವಾಗ. ಎಸ್. ಕೃಷ್ಣ ನಿರ್ದೇಶಿಸಿದ, 2019ರಲ್ಲಿ ಬಂದ ಚಿತ್ರ. ಅನಾಥ ಹುಡುಗನೊಬ್ಬನನ್ನು ಸರ್ಕಾರ್ ಎಂಬ ಉಸ್ತಾದ ಸಾಕಿ ಕುಸ್ತಿ ಕಲಿಸುತ್ತಾನೆ. ಹುಡುಗ ಪ್ರೀತಿಸಿ ಮದುವೆಯಾಗಿದ್ದಕ್ಕೆ ಗುರು ಮುನಿಯುತ್ತಾನೆ. ಕುಸ್ತಿ ಬಿಟ್ಟವನು ಕೊನೆಗೆ ಬಾಕ್ಸಿಂಗ್ ಕಣಕ್ಕೆ ಇಳಿಯುತ್ತಾನೆ. ಸುದೀಪ್ ನಲವತ್ತು ದಾಟಿದ ಮೇಲೆ ಈ ಪಾತ್ರಕ್ಕಾಗಿ ಮೈ ಹುರಿಗೊಳಿಸಿಕೊಂಡದ್ದು ಆಗ ಎಲ್ಲರ ಬಾಯಲ್ಲಿತ್ತು. ಅದು ಸುಲಭದ ಕೆಲಸವಲ್ಲ, ಅವರ ಶ್ರಮವನ್ನು ನಾನು ಹಳಿಯುವುದಿಲ್ಲ. ಆದರೆ ಮಟ್ಟಿ ಮಣ್ಣಿನಲ್ಲಿ ಅವರು ತೊಡೆ ತಟ್ಟಿ ನಿಂತಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ಇವನಿಗೆ ಮನೇಲಿ ಊಟ ಹಾಕಿಲ್ವೇನೋ?"

ಮಗ ಸಿಡುಕಿದ. "ಅಮ್ಮಾ, ನಿಂಗೆ ಗೊತ್ತಾಗಲ್ಲ, ಸುಮ್ನಿರು. ಅದು ಸಿಕ್ಸ್ ಪ್ಯಾಕ್."

ಗೊತ್ತಾಗದೆ ಏನು? ಆ ಹೊತ್ತಿಗೆ ನಮ್ಮ ಮನೆಯಲ್ಲೂ ಅದೇ ರಾಮಾಯಣ ನಡೆದಿತ್ತು. ಹತ್ತೊಂಬತ್ತರ ಹುಡುಗ, ಐವತ್ತೆರಡು ಕಿಲೊ, ನೀಲಗಿರಿ ಮರದ ಹಾಗೆ ಎತ್ತರ. ಅವನಿಗೆ ಎರಡು ಆಸೆ: ತೂಕ ಏರಬೇಕು, ಹೊಟ್ಟೆಯ ಮೇಲೆ ಗೆರೆಯೂ ಮೂಡಬೇಕು. ಎರಡೂ ಒಟ್ಟಿಗೆ, ಕಾಲೇಜು ವಾರ್ಷಿಕೋತ್ಸವದ ಒಳಗೆ. ಜಿಮ್ಮಿನಲ್ಲಿ ಹೇಳಿಕೊಡುವವನೊಬ್ಬ ಮುದ್ದೆ ಬಿಡು ಎಂದನಂತೆ, ಡಬ್ಬಿಯ ಪುಡಿ ಕುಡಿ ಎಂದನಂತೆ. ನಾನೂ ದಿನಕ್ಕೆ ಎಂಟು ಮೊಟ್ಟೆ ಬೇಯಿಸಿ ಬಿಳಿಯದನ್ನು ಅವನಿಗಿಟ್ಟು ಹಳದಿಯನ್ನು ನಾನೂ ನಾಯಿಯೂ ಹಂಚಿಕೊಂಡು ತಿಂದೆವು. ನನ್ನ ತೂಕವೂ ಏರಿತು, ಅದನ್ನು ಯಾರೂ ಕೇಳಲಿಲ್ಲ. ಪಕ್ಕದ ಮನೆಯವರ ಮುಂದೆ "ನಮ್ಮ ಹುಡುಗ ಬಾಡಿ ಬಿಲ್ಡ್ ಮಾಡ್ತಾವ್ನೆ" ಎಂದು ಹೇಳಿಕೊಂಡವಳೂ ನಾನೇ. ಆದ್ದರಿಂದ ಈಗ ಚಿತ್ರವನ್ನು ಟೀಕಿಸುವಾಗ ನನ್ನ ಪಾಲನ್ನೂ ಒಪ್ಪಿಕೊಂಡೇ ಬರೆಯಬೇಕು.

'ಪೈಲ್ವಾನ್' ಚಿತ್ರದ ಮೊದಲರ್ಧ ಮಣ್ಣಿನದು, ಎರಡನೆಯ ಅರ್ಧ ಬಾಕ್ಸಿಂಗಿನದು. ನಾಯಕನ ಮೈ ಮಾತ್ರ ಮೊದಲಿಂದಲೂ ಎರಡನೆಯ ಅರ್ಧಕ್ಕೆ ಸೇರಿದ್ದು. ಬಾಕ್ಸಿಂಗಿನಲ್ಲಿ ತೂಕ ನೋಡಿ ಜೋಡಿ ಮಾಡುತ್ತಾರೆ. ಬೇಡದ ಒಂದು ಕಿಲೊ ಕೂಡ ಹೊರೆ. ನಮ್ಮ ಜಾತ್ರೆಯ ಮಟ್ಟಿಯಲ್ಲಿ ತೂಕವೇ ಅರ್ಧ ಪಟ್ಟು. ಮೇಲೆ ಬಿದ್ದವನು ಭಾರವಾಗಿದ್ದರೆ ಕೆಳಗಿದ್ದವನು ಏಳಲಾರ, ಹೊಟ್ಟೆ ಗಟ್ಟಿಯಾಗಿ ದುಂಡಗಿದ್ದವನನ್ನು ತಬ್ಬಿ ಎತ್ತುವುದೂ ಕಷ್ಟ. ದಂಡ, ಬಸ್ಕಿ, ಗದೆ ತಿರುಗಿಸುವುದು. ಆಮೇಲೆ ಬಾದಾಮಿ ಅರೆದ ಹಾಲು, ತುಪ್ಪ, ಮುದ್ದೆ, ಬಾಡಿನ ಸಾರು. "ಉಣ್ಣೋದು ಕಲೀದೆ ಎತ್ತೋದು ಕಲಿಯಕ್ಕಾಗಲ್ಲ ಕಣ್ಲಾ" ಎಂದು ತಾತ ಹುಡುಗರಿಗೆ ಹೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಬುತ್ತಿ ಕೊಡಲು ಹೋದ ನಾನು ಹೊಸ್ತಿಲಾಚೆ ನಿಂತು ಕೇಳಿಸಿಕೊಂಡದ್ದು ಅದು. ಈಗ ಮೈಸೂರು ದಸರಾ ಕುಸ್ತಿಯಲ್ಲಿ ಹುಡುಗಿಯರೂ ಜೋಡಿ ಕಟ್ಟುತ್ತಾರೆ. ತಾತ ಇದ್ದಿದ್ದರೆ ಏನೆನ್ನುತ್ತಿದ್ದರೋ.

ಚಿತ್ರದಲ್ಲಿ ನಾಯಕ ಉಣ್ಣುವುದು ಮನಸ್ಸಿಗೆ ನಿಲ್ಲುವುದಿಲ್ಲ. ಮೈ ಮಾತ್ರ ನಿಲ್ಲುತ್ತದೆ. ಅಷ್ಟು ದೊಡ್ಡ ಮೈಗೆ ಹಿಟ್ಟು ತೊಳಸಿದವರು ಯಾರು? ನಾಯಕಿ ರುಕ್ಮಿಣಿ ಶ್ರೀಮಂತರ ಮನೆಯಿಂದ ಬಂದವಳು, ಕಷ್ಟಪಡುತ್ತಾಳೆ, ಅಷ್ಟು ಗೊತ್ತು. ಗುರುವಿನ ಮುನಿಸು, ಗಂಡಸರಿಬ್ಬರ ಹಟ ಇವುಗಳನ್ನು ಚಿತ್ರ ಚೆನ್ನಾಗಿಯೇ ಕಟ್ಟುತ್ತದೆ. ಸುನೀಲ್ ಶೆಟ್ಟಿಯವರ ಗಂಭೀರ ಮುಖ ಅದಕ್ಕೆ ಹೊಂದುತ್ತದೆ. ಗರಡಿಯ ಹಿಂದಿರುವ ಅಡುಗೆಮನೆ ಮಾತ್ರ ಚಿತ್ರದವರ ಕಣ್ಣಿಗೆ ಬಿದ್ದೇ ಇಲ್ಲ.

ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ್ (1638-1659) ಪಟ್ಟಕ್ಕೆ ಬರುವ ಮೊದಲು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಸೋಲಿಸಿದ ಕಥೆ ನಮ್ಮೂರಿನವರಿಗೆಲ್ಲ ಗೊತ್ತು. 1960ರಲ್ಲಿ ಈ ಅರಸನ ಮೇಲೆ 'ರಣಧೀರ ಕಂಠೀರವ' ಚಿತ್ರ ಬಂತು. ಕೆಲಸವಿಲ್ಲದೆ ಕಷ್ಟದಲ್ಲಿದ್ದ ಕಲಾವಿದರೇ ಸೇರಿ ಮಾಡಿದ್ದು, ರಾಜ್‌ಕುಮಾರ್ ನಾಯಕ. ಆ ಕಪ್ಪು-ಬಿಳುಪು ಚಿತ್ರದಲ್ಲಿ ಅವರ ಹೊಟ್ಟೆಯ ಗೆರೆ ಯಾರೂ ಎಣಿಸಲಿಲ್ಲ. ನಡಿಗೆ, ಕಣ್ಣು, ದನಿ, ಇವುಗಳಿಂದಲೇ ನಮಗೆ ಆತ ಬಲಶಾಲಿ ಎನಿಸಿತು. ಮುಂದೆ 'ಕಾಮನಬಿಲ್ಲು' (1983) ಚಿತ್ರದಲ್ಲಿ ಅವರು ಯೋಗಾಸನ ಮಾಡಿದಾಗ ಮೈ ಎಷ್ಟು ಬಾಗುತ್ತದೆ ಎಂದು ನೋಡಿದೆವೇ ಹೊರತು ಎಷ್ಟು ಉಬ್ಬಿದೆ ಎಂದು ನೋಡಲಿಲ್ಲ.

ಹಾಗೆಂದು ಹಿಂದೆ ಎಲ್ಲ ಸರಿಯಿತ್ತು, ಈಗಿನವರು ಕೆಟ್ಟರು ಎಂದು ಬರೆದು ಮುಗಿಸಲು ನನ್ನ ಪುಸ್ತಕದ ಕಪಾಟೇ ಬಿಡುವುದಿಲ್ಲ. ನಮ್ಮಮ್ಮ ಒಲೆಯ ಮುಂದೆ ಕೂತು ಓದಿ ಅತ್ತ ಕಾದಂಬರಿ 'ಶಾಂತಲಾ'. ಬರೆದವರು ಕೆ.ವಿ. ಅಯ್ಯರ್. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. 1930ರಲ್ಲೇ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದವರು. ಅವರ ಆಗಿನ ಫೋಟೊಗಳಲ್ಲಿ ಹೊಟ್ಟೆಯ ಒಂದೊಂದು ಗೆರೆಯೂ ಅಚ್ಚು ಹೊಡೆದ ಹಾಗಿದೆ. ಕನ್ನಡನಾಡಿಗೆ ಸಿಕ್ಸ್ ಪ್ಯಾಕ್ ಸಿನಿಮಾದಿಂದ ಬಂತು ಎನ್ನುವವರು ಇದನ್ನು ನೋಡಬೇಕು. ಅವರ ಇನ್ನೊಂದು ಕಾದಂಬರಿ 'ರೂಪದರ್ಶಿ'ಯ ನಾಯಕ ಮೈಕೆಲಾಂಜೆಲೊ. ನನಗೆ ಅದು ಆಕಸ್ಮಿಕ ಎನಿಸುವುದಿಲ್ಲ. ಕಲ್ಲಿನಲ್ಲಿ ಸ್ನಾಯು ಬಿಡಿಸಿದ ಶಿಲ್ಪಿಯ ಕಡೆಗೆ ಕನ್ನಡಿಯ ಮುಂದೆ ಸ್ನಾಯು ಬಿಡಿಸಿದವರ ಮನಸ್ಸು ಹೋಗಿದ್ದು ಸಹಜವೇ. ಆದರೆ ಅಯ್ಯರ್ ಡಂಬ್‌ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಸೇರಿಸಿ ಕಲಿಸಿದವರು, ಅದೇ ಬದುಕಾಗಿ ಬಾಳಿದವರು. ಅವರ ಗೆರೆ ಒಂದು ಶುಕ್ರವಾರದ ಬಿಡುಗಡೆಗಾಗಿ ಮೂಡಿದ್ದಲ್ಲ.

ನನ್ನ ಮಗನದು ಮೂಡಲೇ ಇಲ್ಲ. ಎರಡು ತಿಂಗಳಲ್ಲಿ ಐವತ್ತೆರಡು ಐವತ್ತೇಳಾಯಿತು, ಕೆನ್ನೆ ತುಂಬಿತು, ನನಗೆ ಸಂತೋಷ. ಅವನಿಗೆ ದುಃಖ, ಇದ್ದ ಒಂದೆರಡು ಗೆರೆಯೂ ಮುಚ್ಚಿಹೋಯಿತಂತೆ. ಆಗ ನಾನೂ ಓದಿ ಕೇಳಿ ತಿಳಿದುಕೊಂಡೆ. ಹೊಟ್ಟೆಯ ನಡುವೆ ಉದ್ದಕ್ಕಿರುವ ಆ ಸ್ನಾಯು ಎಲ್ಲರಿಗೂ ಇದೆ, ನಿಮಗೂ ನನಗೂ. ಅದನ್ನು ಅಡ್ಡಡ್ಡಲಾಗಿ ಬಿಗಿದ ನಾರಿನ ಪಟ್ಟಿಗಳಿಂದ ಅದು ತುಂಡುತುಂಡಾಗಿ ಕಾಣುತ್ತದೆ. ನಾಲ್ಕೋ ಆರೋ ಎಂಟೋ ಎಂಬುದು ಹುಟ್ಟಿನಿಂದ ಬಂದದ್ದು. ಎಷ್ಟು ಬಸ್ಕಿ ಹೊಡೆದರೂ ಬದಲಾಗದು. ಅದು ಕಾಣಬೇಕಾದರೆ ಮೇಲಿನ ಕೊಬ್ಬು ತೆಳುವಾಗಬೇಕು. ತೂಕ ಏರಬೇಕಾದರೆ ಸುಟ್ಟದ್ದಕ್ಕಿಂತ ಹೆಚ್ಚು ತಿನ್ನಬೇಕು, ತಿಂದರೆ ಒಂದಿಷ್ಟು ಕೊಬ್ಬೂ ಸೇರುತ್ತದೆ. ಹೊಸದಾಗಿ ಭಾರ ಎತ್ತಲು ತೊಡಗಿದವನಿಗೆ ಎರಡೂ ಸ್ವಲ್ಪ ಸ್ವಲ್ಪ ಕೈಗೂಡಬಹುದು, ಆದರೆ ಅದಕ್ಕೆ ವರ್ಷಗಳ ತಾಳ್ಮೆ ಬೇಕು. ತೆರೆಯ ಮೇಲಿನವರು ಮೊದಲು ತಿಂದು ಬೆಳೆಸಿ, ಆಮೇಲೆ ಇಳಿಸಿ, ಚಿತ್ರೀಕರಣದ ದಿನಕ್ಕೆ ನೀರನ್ನೂ ಬಿಗಿಹಿಡಿದು ನಿಲ್ಲುವುದುಂಟು. ನಾವು ನೋಡುವುದು ಆ ಒಂದು ಗಳಿಗೆಯನ್ನು. ಅದನ್ನೇ ವರ್ಷವಿಡೀ ಇರುವ ಮೈ ಎಂದು ಹುಡುಗರು ನಂಬುತ್ತಾರೆ.

ಇವನೂ ಹಾಗೆಯೇ ಮಾಡಲು ಹೋದ. ವಾರ್ಷಿಕೋತ್ಸವಕ್ಕೆ ನಾಲ್ಕು ದಿನ ಇದ್ದಾಗ ಅನ್ನ ಬಿಟ್ಟ, ಉಪ್ಪು ಬಿಟ್ಟ, ನೀರನ್ನೂ ಕಡಿಮೆ ಮಾಡಿದ. ನನಗೆ ಹೇಳಲಿಲ್ಲ, ತಟ್ಟೆ ತೊಳೆದು ಇಡುತ್ತಿದ್ದ, ಉಂಡ ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಧೊಪ್ಪೆಂದು ಸದ್ದಾಯಿತು. ಬಾಗಿಲು ಒದ್ದು ತೆಗೆದರೆ ಕೊಳದಪ್ಪಲೆಯ ಪಕ್ಕ ಬಿದ್ದಿದ್ದ. ಮೇಲಂಗಿ ಇಲ್ಲದ ಹೊಟ್ಟೆ ನೋಡಿದೆ, ಬೆನ್ನಿಗೆ ಹತ್ತಿಕೊಂಡಿತ್ತು. ನಮ್ಮ ಕಡೆ ಹೊಟ್ಟೆ ಬೆನ್ನಿಗೆ ಹತ್ತಿತು ಎಂದರೆ ಬರಗಾಲದ ಮಾತು. ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಸುತ್ತಾ ಕೂತವಳಿಗೆ ಅಳುವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು.

2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿ ಮೇಲೇಳಲೇ ಇಲ್ಲ. ಹುರಿಗೊಂಡ ಮೈಗಾಗಿಯೇ ಹೆಸರಾದ ಹುಡುಗರು. ಮೈಮೇಲೆ ಅಂಗಿ ಇರಲಿಲ್ಲ, ಜೀವರಕ್ಷಕ ಜಾಕೆಟ್ಟೂ ಇರಲಿಲ್ಲ. ಅದು ಎಲ್ಲ ಟೀವಿಗಳಲ್ಲೂ ಮತ್ತೆ ಮತ್ತೆ ಬಂತು. ಆಗ ಅವರ ತಾಯಂದಿರನ್ನು ನೆನೆದು ಅತ್ತಿದ್ದೆ, ಮೂರು ವರ್ಷಕ್ಕೆ ಮರೆತು ಮೊಟ್ಟೆ ಬೇಯಿಸಲು ನಿಂತಿದ್ದೆ. ಹೆಣ್ಣುಮಕ್ಕಳ ಮೈಯೂ ಇದರಿಂದ ಪಾರಾಗಿಲ್ಲ, ಅದು ಬೇರೆ ಕಥೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ ವಿನೇಶ್ ಫೋಗಟ್ ಐವತ್ತು ಕಿಲೊಗೆ ಬರೀ ನೂರು ಗ್ರಾಂ ಹೆಚ್ಚಿದ್ದಕ್ಕೆ ಹೊರಬಿದ್ದಳು. ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿದ್ದರು.

ಹುಡುಗ ಚೇತರಿಸಿಕೊಂಡ ಮೇಲೆ ನಾಗಮಂಗಲದ ತಂಗಿಯ ಮನೆಗೆ ಹಬ್ಬಕ್ಕೆ ಹೋದೆವು. ಊರೊಳಗೇ ಸೌಮ್ಯಕೇಶವ ದೇವಸ್ಥಾನವಿದೆ, ಹೊಯ್ಸಳರ ಕಾಲದ್ದು. ಮಾರನೆಯ ದಿನ ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಗೆ. 13ನೆಯ ಶತಮಾನದ ಆ ಗುಡಿ ಬೇಲೂರಿನಷ್ಟು ಹೆಸರು ಮಾಡಲಿಲ್ಲ, ಅದೇ ಅದರ ಪುಣ್ಯ, ಸಾವಕಾಶವಾಗಿ ನೋಡಬಹುದು. ಕೆಳಗೆ ಆನೆ, ಮೇಲೆ ಕುದುರೆ, ಬಳ್ಳಿ, ರಾಮಾಯಣ ಭಾರತದ ಕಥೆ, ಮಕರ, ಹಂಸ. ನಾನು ಬೇಕೆಂತಲೇ ಗಂಡು ವಿಗ್ರಹಗಳ ಹೊಟ್ಟೆಗಳನ್ನು ನೋಡುತ್ತಾ ಹೋದೆ. (ಅರ್ಚಕರು ಏನೆಂದುಕೊಂಡರೋ.) ದೇವರು, ದ್ವಾರಪಾಲಕರು, ಯುದ್ಧ ಮಾಡುವ ವೀರರು, ಯಾರಿಗೂ ತುಂಡು ತುಂಡು ಹೊಟ್ಟೆ ಇಲ್ಲ. ಉಸಿರೆಳೆದುಕೊಂಡು ನಿಂತ ಹಾಗೆ ತುಂಬಿದ ನಯವಾದ ಮೈ. ಒಡ್ಯಾಣದ ಕೆಳಗೆ ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೂ ಶಿಲ್ಪಿಗೆ ಸಂಕೋಚವಿಲ್ಲ. ಪಕ್ಕದ ಶ್ರವಣಬೆಳಗೊಳದ ಗೊಮ್ಮಟನನ್ನು ನೆನೆಸಿಕೊಳ್ಳಿ: ಸುಮಾರು 58 ಅಡಿಯ ಬೆತ್ತಲೆ ಮೈ, ಅಣ್ಣನನ್ನು ಮಲ್ಲಯುದ್ಧದಲ್ಲಿ ಎತ್ತಿ ಹಿಡಿದವನ ಮೈ, ಹೊಟ್ಟೆ ನುಣ್ಣಗೆ. ಹೊಯ್ಸಳರ ಗುಡಿಗಳಲ್ಲಿ ನಾನು ನೋಡಿದಷ್ಟರಲ್ಲಿ ಪಕ್ಕೆಲುಬು ಎಣಿಸುವಂತಿರುವವು, ಹೊಟ್ಟೆಯ ನರ ಕಾಣುವಂತಿರುವವು ಭೈರವನ ಸುತ್ತ ಕುಣಿಯುವ ಬೇತಾಳಗಳು ಮಾತ್ರ.

ಇದನ್ನು ಮಗನಿಗೆ ಹೇಳಿದೆ. ಅವನು ನಕ್ಕು, "ಆ ಕಾಲದಲ್ಲಿ ಜಿಮ್ ಇರ್ಲಿಲ್ಲ ಬುಡಮ್ಮ" ಎಂದ. ಆಮೇಲೆ ಭಾರತದ ಪಟ್ಟಿಕೆಯ ಮುಂದೆ ಬಹಳ ಹೊತ್ತು ನಿಂತ. ಪಾಂಡವಪುರದಲ್ಲಿ ಬೆಳೆದವನು, ಕುಂತಿಬೆಟ್ಟ ಹತ್ತಿ ಇಳಿದವನು, ಭೀಮನ ಕಥೆ ಕೇಳಿಕೊಂಡೇ ದೊಡ್ಡವನಾದವನು. ಭೀಮನ ಇನ್ನೊಂದು ಹೆಸರು ವೃಕೋದರ, ತೋಳದ ಹೊಟ್ಟೆಯವನು. ಬಕಾಸುರನಿಗೆಂದು ಒಯ್ದ ಬಂಡಿ ಅನ್ನವನ್ನು ಮೊದಲು ತಾನುಂಡು ಆಮೇಲೆ ಅವನ ಮೇಲೆ ಕೈ ಮಾಡಿದವನು. ಎಲ್ಲ ಅಮ್ಮಂದಿರಿಗೂ ಮೆಚ್ಚಿನ ಪಾಂಡವ ಅವನೇ ಎಂದು ನನ್ನ ಗುಮಾನಿ.

ನನ್ನ ಹೊಟ್ಟೆಯ ಮೇಲೂ ಗೆರೆಗಳಿವೆ. ಇವನನ್ನು ಹೊತ್ತಾಗ ಬಿರಿದ ಬಸುರಿ ಗೆರೆ, ಇವನನ್ನು ತೆಗೆದ ಹೊಲಿಗೆಯ ಅಡ್ಡಗೆರೆ. ಹೆರಿಗೆಯಾದ ಮೇಲೆ ಆ ನಡುವಿನ ಸ್ನಾಯು ಎಡಬಲಕ್ಕೆ ಸರಿದು ಎಷ್ಟೋ ಹೆಂಗಸರಿಗೆ ಮೊದಲಿನ ಹಾಗೆ ಕೂಡುವುದೇ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನು ಮುಚ್ಚಿಕೊಳ್ಳಲು ಸೆರಗನ್ನು ಇಪ್ಪತ್ತು ವರ್ಷ ಎಳೆದುಕೊಂಡವಳು ನಾನು. ಹೊಟ್ಟೆ ಎಂದರೆ ಅಂಜಿಕೆ ಎಂಬುದನ್ನು ಇವನು ಸಿನಿಮಾ ನೋಡಿ ಮಾತ್ರ ಕಲಿತ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವನೀಗಲೂ ಜಿಮ್ಮಿಗೆ ಹೋಗುತ್ತಾನೆ, ಬೇರೆ ಕಡೆ. ಪುಡಿಯ ಡಬ್ಬಿಯಲ್ಲಿ ನಾನು ಹುರಿಗಡಲೆ ತುಂಬಿಟ್ಟಿದ್ದೇನೆ. ಹೊಸಹೊಳಲಿನಿಂದ ಬಂದ ವಾರ ತೌರಿಗೆ ಹೋದಾಗ, "ತಾತನ ಫೋಟೊ ಎಲ್ಲೈತೆ" ಎಂದು ಕೇಳಿ ಟ್ರಂಕನ್ನೆಲ್ಲ ಕೆದಕಿದ. ಅಂಚು ಹುಳು ತಿಂದಿತ್ತು. ಪಟ್ಟಣದಲ್ಲೇ ಕಟ್ಟು ಹಾಕಿಸಿ ತಂದು ತನ್ನ ಕೋಣೆಯಲ್ಲಿ ಕನ್ನಡಿಯ ಎಡಕ್ಕೆ ಮೊಳೆ ಹೊಡೆದ. ಬಲಕ್ಕಿರುವ 'ಪೈಲ್ವಾನ್' ಪೋಸ್ಟರನ್ನು ತೆಗೆದಿಲ್ಲ. ಬೆಳಿಗ್ಗೆ ಕಸ ಗುಡಿಸಲು ಹೋದಾಗ ಒಮ್ಮೊಮ್ಮೆ ಅವನು ಅಂಗಿ ತೆಗೆದು ಕನ್ನಡಿಯ ಮುಂದೆ ನಿಂತಿರುತ್ತಾನೆ. ನನ್ನ ಪೊರಕೆಯ ಸದ್ದು ಕೇಳಿದೊಡನೆ ಟವೆಲು ಹೊದ್ದುಕೊಳ್ಳುತ್ತಾನೆ. ನಾನು ಏನೂ ನೋಡದವಳ ಹಾಗೆ, "ಮುದ್ದೆ ಒಂದೋ ಎರಡೋ?" ಎಂದು ಕೇಳುತ್ತೇನೆ. ಒಂದೂವರೆ ಎನ್ನುತ್ತಾನೆ.