ಕುಣಿತವೂ ಕೂಲಿಯೇ

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ನಮ್ಮ ದುರ್ಗದ ಸೀಮೆಯವರಿಗೆ ಮನೆಯ ಸಿನಿಮಾ ಇದ್ದಂತೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದ ಈ ಚಿತ್ರವನ್ನು ತುರುವನೂರಿನಲ್ಲಿ ಕುಳಿತು ಮತ್ತೆ ನೋಡಿದಾಗ ನನ್ನನ್ನು ಹೆಚ್ಚು ಕಾಡಿದವಳು ಅಲಮೇಲು. ಗಂಡನೇ ಅವಳನ್ನು ಮೈ ಮಾರುವ ದಂಧೆಗೆ ತಳ್ಳಿದ್ದಾನೆ. ಅವಳು ಮತ್ತೆ ಎದುರಾದಾಗ ನಾವು ನೋಡುವುದು ರಾಮಾಚಾರಿಯ ಆಘಾತವನ್ನು. ಅವಳ ದುಡಿಮೆಯ ಹಣ ಯಾರ ಕೈ ಸೇರುತ್ತದೆ, ಅವಳು ಬಿಟ್ಟು ಹೋಗಬೇಕೆಂದರೆ ಯಾರು ತಡೆಯುತ್ತಾರೆ ಎಂಬುದು ಚಿತ್ರದ ಚಿಂತೆಯಲ್ಲ.

ಆ ಕಾಲದ ಕ್ಯಾಬರೆ ಹಾಡುಗಳಲ್ಲೂ ಇದೇ ಕಥೆ. ಖಳನಾಯಕನ ಅಡ್ಡೆಯಲ್ಲಿ ಒಬ್ಬಳು ಕುಣಿಯುತ್ತಾಳೆ, ಹಾಡು ಮುಗಿದ ಮೇಲೆ ಮಾಯವಾಗುತ್ತಾಳೆ. ಅವಳಿಗೆ ಹೆಸರಿಲ್ಲ, ಮನೆಯಿಲ್ಲ, ಸಂಬಳದ ದಿನವಿಲ್ಲ. ನಾವು ಅವಳನ್ನು ‘ಕೆಟ್ಟವಳು’ ಎಂದೆವು. ಉದಾರಿಗಳಾದಾಗ ‘ಪಾಪದವಳು’ ಎಂದೆವು. ‘ಕೆಲಸದವಳು’ ಎನ್ನಲಿಲ್ಲ.

ಕಾನೂನಿನ ಭಾಷೆಯಲ್ಲೂ ನನಗೆ ಇದೇ ನೋಟ ಕಾಣುತ್ತದೆ. ಬೆಂಗಳೂರಿನ ಕ್ಯಾಬರೆ, ಡಿಸ್ಕೊ, ಲೈವ್ ಬ್ಯಾಂಡ್‌ಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಪರವಾನಗಿಯೆಂಬುದು ಮಾಲೀಕ ಮತ್ತು ಪೊಲೀಸರ ನಡುವಿನ ಮಾತು. ಕುಣಿಯುವವಳು ಅಲ್ಲಿ ಮೂರನೆಯವಳು. ಅದೇ 2005ರಲ್ಲಿ ಮಹಾರಾಷ್ಟ್ರ ಡ್ಯಾನ್ಸ್ ಬಾರ್‌ಗಳನ್ನೇ ನಿಷೇಧಿಸಿತು. ಹೆಣ್ಣಿನ ಘನತೆ ಕಾಪಾಡುವುದೆಂಬ ಕಾರಣ ಕೊಟ್ಟರೂ ದೊಡ್ಡ ಹೋಟೆಲುಗಳಿಗೆ ವಿನಾಯಿತಿಯಿತ್ತು. ಆ ನಿಷೇಧವನ್ನು ಒಪ್ಪದ 2013ರ ತೀರ್ಪಿನಲ್ಲಿ ಸುಮಾರು 75,000 ಹೆಂಗಸರು ಕೆಲಸ ಕಳೆದುಕೊಂಡ ಲೆಕ್ಕವಿದೆ. ಹಲವರು ಹೊಟ್ಟೆಪಾಡಿಗೆ ವೇಶ್ಯಾವೃತ್ತಿಗೆ ಹೋಗಬೇಕಾಯಿತೆಂಬ ಮಾತೂ ಇದೆ. ಕಾಪಾಡಲು ಹೋದ ಕೈಯೇ ತಳ್ಳಿತ್ತು.

2019ರ ತೀರ್ಪಿನಲ್ಲಿ ನನಗೆ ಮುಖ್ಯವೆನಿಸುವುದು ಒಂದು ಒಣ ವಿವರ: ಲಿಖಿತ ಕರಾರು ಇರಬೇಕು, ಸಂಭಾವನೆ ಬ್ಯಾಂಕ್ ಖಾತೆಗೆ ಬೀಳಬೇಕು. ಇಲ್ಲಿ ಅವಳು ದುಡಿಯುವವಳಾಗಿ ಕಾಣುತ್ತಾಳೆ. ನಮ್ಮ ಕಥೆಗಾರರ ಕಣ್ಣೀರಿಗಿಂತ ಈ ಒಣ ವಾಕ್ಯ ಅವಳಿಗೆ ಹೆಚ್ಚು ಹತ್ತಿರದ್ದು.

1939ರಲ್ಲಿ ಎಸ್. ನಿಜಲಿಂಗಪ್ಪನವರು ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರು ತುರುವನೂರು. ಆ ಕಥೆಯನ್ನು ಹೆಮ್ಮೆಯಿಂದ ಹೇಳುವ ನಮಗೆ ಬಾರು ಮುಚ್ಚಿಸುವುದು ಸುಧಾರಣೆಯೆನಿಸುವುದು ಸಹಜ. ಹೋರಾಟದ ಹಿರಿಮೆಯನ್ನು ಕುಗ್ಗಿಸದೆಯೇ ಒಂದು ಪ್ರಶ್ನೆ ಕೇಳಬಹುದು: ಮರ ಉರುಳಿದಾಗ ಮರ ಹತ್ತುತ್ತಿದ್ದವನ ಕೂಲಿ ಏನಾಯಿತು?

ವಿಮರ್ಶೆಯ ಕೆಲಸವೂ ಇಂಥ ಪ್ರಶ್ನೆ ಕೇಳುವುದೇ. ‘ಕಲಾವಿದೆ’ ಎಂದು ಹೊಗಳಿ ಸುಮ್ಮನಾದರೂ ಅವಳ ಕೂಲಿ ಮರೆಗೆ ಸರಿಯುತ್ತದೆ. ಕುಣಿಯುವವಳೊಬ್ಬಳು ಕಥೆಯಲ್ಲಿ ಬಂದರೆ, ಅವಳ ಶೀಲದ ಲೆಕ್ಕ ಹಾಕುವ ಮೊದಲು ಕೇಳೋಣ: ಇವಳಿಗೆ ಎಷ್ಟು ಕೊಟ್ಟರು, ಎಷ್ಟು ಹಿಡಿದುಕೊಂಡರು, ನಡುರಾತ್ರಿ ಇವಳು ಮನೆ ಮುಟ್ಟಿದ್ದು ಹೇಗೆ?