ಪ್ರಾಸದ ಆಟ ಮತ್ತು ಷರೀಫರ ಪದ

ಪ್ರಾಸ ಕಟ್ಟುವುದು ಎಳೆಯರ ಆಟ ಎಂಬ ಭಾವನೆ ನಮ್ಮ ವಿಮರ್ಶೆಯಲ್ಲಿ ಬೇರೂರಿದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟದ್ದು ಅಂದಿಗೆ ಬೇಕಾಗಿದ್ದ ಬಿಡುಗಡೆಯೇ ಸರಿ. ಮುಂದೆ 1950ರ ಸುಮಾರಿಗೆ ನವ್ಯದ ಮಾತೆತ್ತಿದ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಆದರೆ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಸೀಮೆಯ ಜನ ಪ್ರಾಸದ ಸುಖವನ್ನು ಬಿಟ್ಟುಕೊಡಲಿಲ್ಲ. ಮದುವೆ ಮನೆಯಲ್ಲಿ ಮದುಮಗಳು ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳುತ್ತಾಳೆ. ಹೆಸರು ಪ್ರಾಸಕ್ಕೆ ಕೂಡಿದೊಡನೆ ನೆರೆದವರು ನಗುತ್ತಾರೆ. ಮೊಹರಂನಲ್ಲಿ ರಿವಾಯತ್ ಪದಗಳು ಹೆಜ್ಜೆಯ ಜೊತೆಗೇ ಸಾಗುತ್ತವೆ. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ.

ಹಿರೇಕೆರೂರು ಸೀಮೆಯವನೆಂದು ಜನ ನೆನೆಯುವ ಸರ್ವಜ್ಞನ ತ್ರಿಪದಿಯನ್ನೇ ನೋಡಿ. ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬುದು ಅಲ್ಲಿಯ ಕಟ್ಟು. ಒಗಟನ್ನೂ ಬೈಗುಳವನ್ನೂ ನೀತಿಯನ್ನೂ ಅವನು ಅದೇ ಕಟ್ಟಿನೊಳಗೆ ಕೂಡಿಸಿದ. ಓದು ಬಾರದವರ ನಾಲಗೆಯ ಮೇಲೂ ಆ ಪದಗಳು ಉಳಿದದ್ದಕ್ಕೆ ಈ ಕಟ್ಟೂ ಒಂದು ಕಾರಣ.

ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರಲ್ಲಿ (1819–1889) ಈ ಆಟ ಇನ್ನೊಂದು ಎತ್ತರಕ್ಕೆ ಹೋಗುತ್ತದೆ. ಕೋಳಿಯು ಕೋಡಗವನ್ನು ನುಂಗಿದ ಅವರ ಪದವನ್ನು ಕೇಳದ ಕನ್ನಡಿಗರು ಕಡಿಮೆ. ವ್ಯಾಖ್ಯಾನಕಾರರು ಕೋಡಗವೆಂದರೆ ಮನಸ್ಸು, ಕೋಳಿಯೆಂದರೆ ಜ್ಞಾನ ಎಂಬಂತೆ ಒಂದೊಂದಕ್ಕೂ ಅರ್ಥ ಹಚ್ಚುತ್ತಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಅವಸರದಲ್ಲಿ ಕಿವಿಗೆ ಕೇಳುವುದನ್ನು ಮರೆಯುತ್ತೇವೆ. ಕೋಡಗ, ಆಡು, ಗೋಡೆ: ಇವುಗಳ ನಡುವೆ ಲೋಕದಲ್ಲಿ ಯಾವ ಸಂಬಂಧವೂ ಇಲ್ಲ. ಎರಡನೆಯ ಅಕ್ಷರ 'ಡ' ಎಂಬುದೇ ಅವನ್ನು ಒಂದೆಡೆ ಕರೆತಂದ ನಂಟು. 'ನುಂಗು' ಎಂಬ ಕ್ರಿಯೆ ಗಜಲಿನ ರದೀಫಿನಂತೆ ಮತ್ತೆ ಮತ್ತೆ ಬರುತ್ತದೆ. ಷರೀಫರು ಗಜಲಿನಿಂದ ಇದನ್ನು ಕಲಿತರೆಂಬುದು ನಮ್ಮ ವಾದವಲ್ಲ. ಉರ್ದು ಬಲ್ಲ ಕಿವಿಗೂ ಕನ್ನಡ ಬಲ್ಲ ಕಿವಿಗೂ ಅಲ್ಲಿ ಹಿತವಾಗುತ್ತದೆ ಎಂದಷ್ಟೇ. ಪ್ರಾಸವು ಎಲ್ಲಿಗೆ ಎಳೆದೊಯ್ಯುತ್ತದೋ ನೋಡೋಣವೆಂದು ಕವಿ ಹಿಂದೆ ಹೊರಟಿದ್ದಾನೆ. ಸಣ್ಣದು ದೊಡ್ಡದನ್ನು ನುಂಗುವ ತಲೆಕೆಳಗಾದ ಲೋಕ ಆ ದಾರಿಯಲ್ಲೇ ಸಿಕ್ಕಿದೆ. ತತ್ತ್ವ ಬೇಕೆಂದವರಿಗೆ ತತ್ತ್ವವೂ ಉಂಟು, ಮಗುವಿಗೆ ನಗುವೂ ಉಂಟು.

ಪ್ರಾಸ ಯಾವಾಗಲೂ ನಿರ್ದೋಷಿಯೆಂದು ಇದರಿಂದ ತಿಳಿಯಬಾರದು. ಬೀದಿಯಲ್ಲಿ ಒಂದು ಸಮುದಾಯದ ಮೇಲೆ ಹಗೆ ಕಾರುವ ಘೋಷಣೆಗೂ ಪ್ರಾಸವಿರುತ್ತದೆ. ಹೊಂದಿಕೊಂಡ ದನಿ ಸುಳ್ಳನ್ನೂ ನಿಜವೆನ್ನಿಸಿಬಿಡುತ್ತದೆ. ಹಾಗಾದರೆ ವ್ಯತ್ಯಾಸವೆಲ್ಲಿ? ಘೋಷಣೆ ಕೂಗುವವನಿಗೆ ಹೇಳಬೇಕಾದದ್ದು ಮೊದಲೇ ಗೊತ್ತಿರುತ್ತದೆ. ಪ್ರಾಸ ಅದಕ್ಕೆ ಹೊಡೆಯುವ ಮೊಳೆ ಮಾತ್ರ. ಷರೀಫರ ಪದದಲ್ಲಿ ಮುಂದಿನ ಸಾಲು ಏನು ತಂದೀತೆಂಬುದು ಕೇಳುವವನ ಊಹೆಗೆ ನಿಲುಕುವುದಿಲ್ಲ. ಗೊತ್ತಿದ್ದ ಲೋಕವೇ ಅಲ್ಲಿ ಅಲುಗಾಡುತ್ತದೆ.

ಇಂದು ಷರೀಫರನ್ನು ನೆನೆಯುವ ಸಭೆಗಳಲ್ಲಿ ಅವರಿಗೂ ಗುರು ಗೋವಿಂದಭಟ್ಟರಿಗೂ ಇದ್ದ ನಂಟಿನ ಬಗ್ಗೆ ಭಾಷಣಗಳಾಗುತ್ತವೆ. ಭಾವೈಕ್ಯದ ಆ ಮಾತು ಬೇಕು. ಆದರೆ ಪದವನ್ನೇ ಆಡಿ ನೋಡದೆ ಭಾಷಣವನ್ನಷ್ಟೇ ಕೇಳಿದ ಮಕ್ಕಳಿಗೆ ಷರೀಫರು ಗೋಡೆಯ ಪಟವಾಗಿಬಿಡುತ್ತಾರೆ. ಶಾಲೆಯಲ್ಲಿ ಆ ಪದ ಹಾಡಿಸಿ, 'ಡ' ಅಕ್ಷರಕ್ಕೆ ಇನ್ನೊಂದು ಸಾಲು ನೀವೇ ಕಟ್ಟಿರಿ ಎಂದು ಕೇಳಿದರೆ ಹೇಗೆ? ಫಾತಿಮಾ ಕಟ್ಟಿದ ಸಾಲಿಗೆ ಪಕ್ಕದ ಬಸವರಾಜ ಇನ್ನೊಂದನ್ನು ಕೂಡಿಸಲಿ. ಅರ್ಥ ಹೇಳುವ ಕೆಲಸವನ್ನು ಮಾಸ್ತರರು ಆಮೇಲೆ ಮಾಡಬಹುದು.